ಐತಿಹಾಸಿಕ ಮಹಾಚಿತ್ರಗಳೂ ಅವುಗಳಲ್ಲಿ ಉಳಿದ ಅಭಿನಯವೂ

ಕಾಲವು ಮನುಷ್ಯನ ಕೃತಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗುವದಿಲ್ಲ. ಅಪಾರ ದ್ರವ್ಯವನ್ನು ವೆಚ್ಚಮಾಡಿ ಕಟ್ಟಿಸಿದ ಉಪ್ಪರಿಗೆಯು ಬಿದ್ದು ಮಣ್ಣಾದ ಮೇಲೆಯೂ ಅದರ ಹಿತ್ತಿಲಲ್ಲಿ ಯಾರೋ ನೆಟ್ಟ ಸಂಪಿಗೆಯ ಮರವು ವರ್ಷವರ್ಷವೂ ಹೂ ಬಿಡುತ್ತಿರುವದುಂಟು. ಅಮೇರಿಕೆಯ ಹಾಲಿವುಡ್ಡಿನ ಕಂಪೆನಿಗಳು ಮುಖ್ಯವಾಗಿ 1950ರಿಂದ 1965ರ ವರೆಗಿನ ವರ್ಷಗಳಲ್ಲಿ ತಯಾರಿಸಿದ ಐತಿಹಾಸಿಕ ಮಹಾಚಿತ್ರಗಳ ಗತಿಯೂ ಇದರಂತೆಯೇ ಆಗಿರುವದು. ಅವುಗಳಿಗಾಗಿ ಎಬ್ಬಿಸಿದ ಹಲಗೆಯ ಅರಮನೆಗಳನ್ನೂ ಗಚ್ಚಿನ ಕೋಟೆಗಳನ್ನೂ ಕಂಡು ಇಂದು ಯಾರೂ ಬೆರಗಾಗುವದಿಲ್ಲ. ಆದರೆ ಅವುಗಳ ನಡುವೆ ನಿಂತು ನಟರು ಬೀರಿದ ಒಂದು ನೋಟ, ಆಡಿದ ಒಂದು ಮಾತು, ಆಡದೆ ನುಂಗಿಕೊಂಡ ಒಂದು ಮಾತು ಇವು ಅರುವತ್ತು ಎಪ್ಪತ್ತು ವರ್ಷಗಳು ಕಳೆದರೂ ನೋಡುವವರ ಮನಸ್ಸನ್ನು ಹಿಡಿದು ನಿಲ್ಲಿಸುತ್ತಲಿವೆ. ಇದಕ್ಕೆ ಕಾರಣವೇನೆಂಬದನ್ನು ಕೆಲವು ದೃಷ್ಟಾಂತಗಳ ಮೂಲಕ ವಿಚಾರಿಸುವದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಈ ಚಿತ್ರಗಳು ಹುಟ್ಟಿದ ಬಗೆಯನ್ನು ತಿಳಿಯುವದು ಅವಶ್ಯ. ಎರಡನೆಯ ಮಹಾಯುದ್ಧವು ಮುಗಿದ ಕೆಲವೇ ವರ್ಷಗಳಲ್ಲಿ ಅಮೇರಿಕೆಯ ಮನೆಮನೆಗೂ ಟೆಲಿವಿಜನ್ ಬಂದಿತು. ಮನೆಯಲ್ಲಿ ಕುಳಿತೇ ವಿನೋದವನ್ನು ಕಾಣಬಹುದಾದಾಗ ಹಣಕೊಟ್ಟು ಚಿತ್ರಮಂದಿರಕ್ಕೆ ಹೋಗುವವರು ಕಡಿಮೆಯಾದರು. ಆ ಪುಟ್ಟ ಪೆಟ್ಟಿಗೆಯು ಎಂದಿಗೂ ತೋರಿಸಲಾರದಂಥ ವೈಭವವನ್ನು ತೋರಿಸಿದರೆ ಮಾತ್ರ ಜನರು ಹಿಂದಿರುಗುವರೆಂದು ಕಂಪೆನಿಯವರು ಯೋಚಿಸಿದರು. 1951ರಲ್ಲಿ ‘ಕ್ವೋ ವಾಡಿಸ್’ ಎಂಬ ಚಿತ್ರವು ರೋಮಿನ ಚಕ್ರವರ್ತಿಯಾದ ನೀರೋವಿನ ಕಾಲವನ್ನು ತೋರಿಸಿತು. 1953ರಲ್ಲಿ ‘ದಿ ರೋಬ್’ ಎಂಬ ಚಿತ್ರವು ಸಿನೆಮಾಸ್ಕೋಪ್ ಎಂಬ ಅಗಲವಾದ ತೆರೆಯ ಮೇಲೆ ಬಂದಿತು. ಆ ತೆರೆಯ ಅಗಲವು ಎತ್ತರದ ಎರಡೂವರೆ ಪಾಲಿನಷ್ಟಿತ್ತು. ಅನಂತರ 1956ರಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’, 1959ರಲ್ಲಿ ‘ಬೆನ್-ಹರ್’, 1960ರಲ್ಲಿ ‘ಸ್ಪಾರ್ಟಕಸ್’, 1963ರಲ್ಲಿ ‘ಕ್ಲಿಯೋಪಾತ್ರ’ ಇವು ಒಂದರ ಹಿಂದೆ ಒಂದು ಬಂದವು. ‘ಬೆನ್-ಹರ್’ ಚಿತ್ರಕ್ಕೆ ಸುಮಾರು 1½ ಕೋಟಿ ಡಾಲರುಗಳು ವೆಚ್ಚವಾದವು. ‘ಕ್ಲಿಯೋಪಾತ್ರ’ಕ್ಕೆ 4 ಕೋಟಿಗೂ ಮೀರಿ ವೆಚ್ಚವಾಗಿ ಅದನ್ನು ತಯಾರಿಸಿದ ಕಂಪೆನಿಯು ದಿವಾಳಿಯ ಅಂಚಿಗೆ ಬಂದಿತು. 1964ರಲ್ಲಿ ‘ದಿ ಫಾಲ್ ಆಫ್ ದಿ ರೋಮನ್ ಎಂಪೈರ್’ ಎಂಬ ಚಿತ್ರಕ್ಕಾಗಿ ಸ್ಪೇಯ್ನ್ ದೇಶದ ಮ್ಯಾಡ್ರಿಡ್ ಪಟ್ಟಣದ ಬಳಿಯಲ್ಲಿ ಪುರಾತನ ರೋಮಿನ ಮಹಾಚೌಕವನ್ನೇ ಕಟ್ಟಿದರು. ಆದರೂ ಜನರು ಬರಲಿಲ್ಲ. ಅಲ್ಲಿಗೆ ಈ ಮಹಾಚಿತ್ರಗಳ ಯುಗವು ಬಹುಮಟ್ಟಿಗೆ ಮುಗಿಯಿತೆಂದು ಹೇಳಬಹುದು.

ಯಾವ ವೈಭವವನ್ನು ನೆಚ್ಚಿ ಈ ಚಿತ್ರಗಳನ್ನು ಮಾಡಿದರೋ ಅದೇ ಮೊದಲು ಮುಪ್ಪಾಯಿತೆಂಬದು ಗಮನಿಸತಕ್ಕ ಸಂಗತಿಯು. ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರದಲ್ಲಿ ಸಮುದ್ರವು ಇಬ್ಭಾಗವಾಗುವ ನೋಟವು ಆ ಕಾಲದ ಅದ್ಭುತವಾಗಿತ್ತು. ಆ ಚಿತ್ರಕ್ಕೆ ದೊರೆತ ಏಕಮಾತ್ರ ಆಸ್ಕರ್ ಬಹುಮಾನವು ಇಂಥ ಚಮತ್ಕಾರಗಳಿಗಾಗಿಯೇ ದೊರೆಯಿತು. ಇಂದಾದರೋ ಗಣಕಯಂತ್ರದ ಸಹಾಯದಿಂದ ಸಮುದ್ರವನ್ನು ಸೀಳುವದೂ ಲಕ್ಷ ಸೈನಿಕರನ್ನು ನಿಲ್ಲಿಸುವದೂ ಅಸಾಧ್ಯವಾದ ಕೆಲಸವಲ್ಲ. ಆ ಹಳೆಯ ನೋಟದಲ್ಲಿ ಬೆಸುಗೆ ಹಾಕಿದ ಗೆರೆಗಳನ್ನು ಈಗಿನ ಮಕ್ಕಳೂ ಬೆರಳಿಟ್ಟು ತೋರಿಸಬಲ್ಲರು. 2016ರಲ್ಲಿ ‘ಬೆನ್-ಹರ್’ ಕಥೆಯನ್ನು ಈ ಹೊಸ ಸಾಧನಗಳಿಂದ ಮತ್ತೊಮ್ಮೆ ಚಿತ್ರಿಸಿದರು. ಅದನ್ನು ಜನರು ಬೇಗನೆ ಮರೆತುಬಿಟ್ಟರು. 1959ರ ಚಿತ್ರವನ್ನಾದರೋ ಈಗಲೂ ನೋಡುತ್ತಾರೆ. ಹಾಗಾದರೆ ಜನರನ್ನು ಎಳೆಯುವದು ಕೇವಲ ದೊಡ್ಡಸ್ತಿಕೆಯಲ್ಲ, ಬೇರೊಂದು ವಸ್ತುವೆಂದು ಸ್ಪಷ್ಟವಾಗುತ್ತದೆ. ಆ ವಸ್ತುವೇ ಅಭಿನಯವು.

ಇಂಥ ಚಿತ್ರಗಳಲ್ಲಿ ಅಭಿನಯಿಸುವದು ಸುಲಭವಾದ ಕಾರ್ಯವಲ್ಲ. ನಟನ ಹಿಂದೆ ಸಾವಿರಾರು ಮಂದಿ ನಿಂತಿರುತ್ತಾರೆ. ಮೈಮೇಲೆ ಭಾರವಾದ ಕವಚವಿರುತ್ತದೆ. ಆಡತಕ್ಕ ಮಾತು ನಿತ್ಯದ ಮಾತಲ್ಲ, ಶಾಸನದಂತೆ ಬಿಗಿಯಾದ ಮಾತು. ಮೊದಮೊದಲಿನ ಅಗಲ ತೆರೆಯ ಮಸೂರಗಳಂತೂ ಹತ್ತಿರದಿಂದ ತೆಗೆದ ಮುಖವನ್ನು ಅಡ್ಡಕ್ಕೆ ಹಿಗ್ಗಿಸಿ ತೋರಿಸುತ್ತಿದ್ದವು. ಹೀಗಿರುವಲ್ಲಿ ಸಾಧಾರಣ ನಟನು ಎರಡರಲ್ಲೊಂದು ತಪ್ಪನ್ನು ಮಾಡುವನು: ಗದ್ದಲವನ್ನು ಮೀರಬೇಕೆಂದು ಕೂಗುವನು, ಇಲ್ಲವೆ ಕಂಬಗಳ ನಡುವೆ ತಾನೂ ಒಂದು ಕಂಬವಾಗಿ ನಿಲ್ಲುವನು. ಉತ್ತಮ ನಟನು ಇವೆರಡನ್ನೂ ಬಿಟ್ಟು ಅಷ್ಟು ದೊಡ್ಡ ತೆರೆಯ ಮೇಲೆ ಅತಿ ಚಿಕ್ಕದಾದ ಒಂದು ಮಾನವ ಚೇಷ್ಟೆಯನ್ನು ಇಡುವನು. ನಮ್ಮ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುವದು.

‘ಬೆನ್-ಹರ್’ ಚಿತ್ರದಿಂದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿಲಿಯಮ್ ವೈಲರ್ ಎಂಬ ದಿಗ್ದರ್ಶಕನು ಇದನ್ನು ರೋಮಾಪುರಿಯ ಹತ್ತಿರ ಚಿತ್ರೀಕರಿಸಿದನು. ಇದಕ್ಕೆ ದೊರೆತ 11 ಆಸ್ಕರ್ ಬಹುಮಾನಗಳ ಸಂಖ್ಯೆಯನ್ನು ಅನಂತರ ಎರಡು ಚಿತ್ರಗಳು ಸರಿಗಟ್ಟಿದವೇ ಹೊರತು ಯಾವದೂ ಮೀರಿಲ್ಲ. ಇದರ ರಥಸ್ಪರ್ಧೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಅದಕ್ಕಾಗಿ 18 ಎಕರೆಗಳ ರಂಗಭೂಮಿಯನ್ನು ಕಟ್ಟಿದ್ದರು. ಆದರೆ ಹೆಚ್ಚು ಆಳವಾಗಿ ಮನಸ್ಸಿಗೆ ನಾಟುವ ಪ್ರಸಂಗವು ಒಂದು ಬಾವಿಯ ಬಳಿಯಲ್ಲಿ ನಡೆಯುವದು. ಸೆರೆಯಾಳುಗಳ ಸಾಲನ್ನು ಮರುಭೂಮಿಯಲ್ಲಿ ನಡಿಸಿಕೊಂಡು ಬಂದ ರೋಮಿನ ಸೈನಿಕರು ನಜರೇತೆಂಬ ಊರಲ್ಲಿ ನಿಲ್ಲುತ್ತಾರೆ. ಎಲ್ಲರಿಗೂ ನೀರು ದೊರೆಯುತ್ತದೆ. ಯೂದಾ ಬೆನ್-ಹರನಿಗೆ ಮಾತ್ರ ಕೊಡಬಾರದೆಂದು ದಳಪತಿಯು ಆಜ್ಞಾಪಿಸುತ್ತಾನೆ. ಅವನು ಬಾಯಾರಿ ನೆಲಕ್ಕೆ ಬೀಳುವನು. ಆಗ ಆ ಊರಿನ ಬಡಗಿಯೊಬ್ಬನು ಬಂದು ಅವನ ತಲೆಯನ್ನೆತ್ತಿ ನೀರು ಕುಡಿಸುವನು. ಆ ಬಡಗಿಯು ಯೇಸುವೆಂದು ನಮಗೆ ತಿಳಿಯುತ್ತದೆ. ಆದರೆ ಆತನ ಮುಖವನ್ನು ಚಿತ್ರದಲ್ಲಿ ಒಮ್ಮೆಯೂ ತೋರಿಸುವದಿಲ್ಲ. ಕ್ಲಾಡ್ ಹೀಟರ್ ಎಂಬ ಸಂಗೀತನಾಟಕದ ಗಾಯಕನು ಆ ಪಾತ್ರವನ್ನು ಬೆನ್ನು ತೋರಿಸಿಯೇ ನಿರ್ವಹಿಸಿದನು.

ಈಗ ಆ ದಳಪತಿಯನ್ನು ನೋಡಿರಿ. ತನ್ನ ಅಪ್ಪಣೆಯನ್ನು ಮೀರಿದವನನ್ನು ಗದರಿಸಲು ಅವನು ಮುಂದೆ ಬರುತ್ತಾನೆ. ಬಡಗಿಯು ಎದ್ದು ನಿಲ್ಲುತ್ತಾನೆ. ದಳಪತಿಯು ಆ ಮುಖವನ್ನು ಕಾಣುತ್ತಾನೆ, ನಾವು ಕಾಣುವದಿಲ್ಲ. ಅವನ ಕಣ್ಣಿನ ಕ್ರೌರ್ಯವು ಕರಗಿ ಗಲಿಬಿಲಿಯಾಗುತ್ತದೆ. ಹಿಂದಕ್ಕೆ ತಿರುಗುತ್ತಾನೆ, ಮತ್ತೆ ನೋಡುತ್ತಾನೆ, ಏನೂ ತೋಚದೆ ಸರಿದು ಹೋಗುತ್ತಾನೆ. ಒಬ್ಬ ಸಣ್ಣ ಪಾತ್ರಧಾರಿಯ ಮುಖದ ಮೇಲೆ ಹಾದುಹೋಗುವ ಈ ಬದಲಾವಣೆಯು ಯಾವ ಚಿತ್ರಕಾರನೂ ಬರೆಯಲಾರದ ಇನ್ನೊಂದು ಮುಖವನ್ನು ನಮಗೆ ಕಾಣಿಸುತ್ತದೆ. ಕಥೆಯ ಕೊನೆಯಲ್ಲಿ ಶಿಲುಬೆಯನ್ನು ಹೊತ್ತು ಹೋಗುವಾತನಿಗೆ ಬೆನ್-ಹರನು ನೀರು ಕೊಡಲು ಓಡಿಬಂದು, ಈತನೇ ಆತನೆಂದು ಗುರುತಿಸುವಾಗ ಚಾರ್ಲ್ಟನ್ ಹೆಸ್ಟನನ ಕಣ್ಣುಗಳಲ್ಲಿ ಅದೇ ಬೆಳಕು ಮೂಡುತ್ತದೆ. ಎರಡು ಪ್ರಸಂಗಗಳಲ್ಲಿಯೂ ವೈಭವವೆಂದರೆ ಒಂದು ಸೋರೆಯ ಬುರುಡೆಯಷ್ಟು ನೀರು ಮಾತ್ರ!

ಇದೇ ಚಿತ್ರದಲ್ಲಿ ಮಾರ್ಥಾ ಸ್ಕಾಟ್ ಎಂಬ ನಟಿಯು ಬೆನ್-ಹರನ ತಾಯಿಯಾಗಿರುವಳು. ಈಕೆಯು ಹೆಸ್ಟನನಿಗಿಂತ 11 ವರ್ಷಗಳಷ್ಟೇ ದೊಡ್ಡವಳು. ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರದಲ್ಲಿಯೂ ಅವನಾಡಿದ ಮೋಶೆಯ ಪಾತ್ರಕ್ಕೆ ತಾಯಿಯಾಗಿದ್ದಳೆಂಬದು ವಿನೋದದ ಸಂಗತಿ. ಸೆರೆಮನೆಯಲ್ಲಿ ಕುಷ್ಠರೋಗವನ್ನು ಹೊಂದಿ ಬಿಡುಗಡೆಯಾದ ಈ ತಾಯಿಯು ರಾತ್ರಿಯಲ್ಲಿ ತನ್ನ ಮನೆಯ ಅಂಗಳಕ್ಕೆ ಬರುತ್ತಾಳೆ. ಮಗನು ತನ್ನನ್ನು ಈ ಸ್ಥಿತಿಯಲ್ಲಿ ನೋಡಬಾರದು, ಹಿಂದಿನಂತೆಯೇ ನೆನಸಿಕೊಳ್ಳಬೇಕೆಂದು ಎಸ್ತೇರಳಿಂದ ಮಾತು ತೆಗೆದುಕೊಳ್ಳುತ್ತಾಳೆ. ಎಸ್ತೇರಳ ಪಾತ್ರವನ್ನು ಹೈಫಾ ಪಟ್ಟಣದಲ್ಲಿ ಹುಟ್ಟಿದ ಹಾಯಾ ಹರಾರೀತ್ ವಹಿಸಿದ್ದಳು. ತಾಯಿಯ ಮುಖವು ನೆರಳಿನಲ್ಲಿದೆ. ಸ್ವರವೊಂದೇ ನಮಗೆ ಆಧಾರ. ಅಳುವಿಲ್ಲ, ಎದೆ ಬಡಿದುಕೊಳ್ಳುವದಿಲ್ಲ. ಮಗನು ಚೆನ್ನಾಗಿದ್ದಾನೆಂದು ಕೇಳಿದಾಗ ಆ ಸ್ವರದಲ್ಲಿ ಬರುವ ತೃಪ್ತಿಯೇ ಎಲ್ಲ ಅಳುವಿಗಿಂತಲೂ ಹೆಚ್ಚಾಗಿ ನಮ್ಮನ್ನು ಕದಲಿಸುತ್ತದೆ. ಯಾವ ದೇಶದ ಯಾವ ತಾಯಿಯಾದರೂ ಹೀಗೆಯೇ ಮಾಡುವಳಲ್ಲವೇ ಎಂದು ತೋರುವದರಿಂದಲೇ ಎರಡು ಸಾವಿರ ವರ್ಷಗಳ ದೂರವು ಆ ಕ್ಷಣದಲ್ಲಿ ಇಲ್ಲವಾಗುವದು.

ಮೌನದ ಬಲವನ್ನು ತಿಳಿಯಬೇಕಾದರೆ ‘ಸ್ಪಾರ್ಟಕಸ್’ ಚಿತ್ರವನ್ನು ನೋಡಬೇಕು. ರೋಮಿನ ಧನಿಕರ ವಿನೋದಕ್ಕಾಗಿ ಗುಲಾಮರು ಪ್ರಾಣಹೋಗುವ ವರೆಗೆ ಹೋರಾಡುವ ಕಾಲದ ಕಥೆಯಿದು. ವುಡಿ ಸ್ಟ್ರೋಡ್ ಎಂಬ ನಟನು ಡ್ರಾಬಾ ಎಂಬ ಕಪ್ಪುವರ್ಣದ ಗುಲಾಮನಾಗಿರುವನು. ಈತನು ಮೊದಲು ಹೆಸರಾಂತ ಕ್ರೀಡಾಪಟುವಾಗಿದ್ದವನು. ಕಪ್ಪುಜನರಿಗೆ ಬಾಗಿಲು ಮುಚ್ಚಿದ್ದ ಅಮೇರಿಕೆಯ ಪ್ರಮುಖ ಫುಟ್‌ಬಾಲ್ ಸಂಘಗಳಲ್ಲಿ 1946ರಲ್ಲಿ ಮತ್ತೆ ಪ್ರವೇಶ ಪಡೆದ ಮೊದಲಿಗರಲ್ಲೊಬ್ಬನು. ಡ್ರಾಬಾ ಮತ್ತು ಸ್ಪಾರ್ಟಕಸ್ ಇವರು ಹೋರಾಡುವ ಮೊದಲು ಒಂದು ಮರದ ಗೂಡಿನೊಳಗೆ ಎದುರೆದುರಾಗಿ ಕುಳಿತಿರುತ್ತಾರೆ. ಹೊರಗೆ ಇನ್ನಿಬ್ಬರ ಹೋರಾಟದ ಸಪ್ಪಳವು ಕೇಳಿಬರುತ್ತದೆ. ಇಬ್ಬರೂ ಮಾತಾಡುವದಿಲ್ಲ. ನೋಟವು ಒಮ್ಮೆ ಕೂಡುತ್ತದೆ, ಒಮ್ಮೆ ತಪ್ಪಿಸಿಕೊಳ್ಳುತ್ತದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ನಾನು ಇವನನ್ನು ಕೊಲ್ಲಬೇಕು, ಇಲ್ಲವೆ ಇವನು ನನ್ನನ್ನು ಕೊಲ್ಲುವನೆಂಬ ಯೋಚನೆಯು ಎರಡೂ ಮುಖಗಳ ಮೇಲೆ ಬರೆದಿಟ್ಟಂತಿರುವದು. ಹೋರಾಟದಲ್ಲಿ ಡ್ರಾಬಾ ಗೆಲ್ಲುತ್ತಾನೆ. ತ್ರಿಶೂಲವನ್ನು ಸ್ಪಾರ್ಟಕಸನ ಕೊರಳಿಗಿಟ್ಟು ನಿಲ್ಲುತ್ತಾನೆ. ಕೊಲ್ಲೆಂಬ ಅಪ್ಪಣೆ ಬಂದರೂ ಕೊಲ್ಲದೆ, ಆ ಆಯುಧವನ್ನು ಮೇಲೆ ಕುಳಿತ ಪ್ರಭುಗಳ ಕಡೆಗೆ ಎಸೆದು ತನ್ನ ಪ್ರಾಣವನ್ನು ಕೊಡುತ್ತಾನೆ. ಈ ಪಾತ್ರಕ್ಕಿರುವ ಮಾತುಗಳು ಕೆಲವೇ. ಮೂರು ಗಂಟೆಗಳಿಗೂ ಮೀರಿದ ಚಿತ್ರದಲ್ಲಿ ಅವನಿರುವದು ಸ್ವಲ್ಪ ಹೊತ್ತು ಮಾತ್ರ. ಆದರೂ ಮುಂದಿನ ದಂಗೆಯೆಲ್ಲವೂ ಅವನ ಮೌನದಿಂದಲೇ ಹುಟ್ಟಿತೆಂದು ನಮಗೆ ತೋರುವದು.

ದುಷ್ಟಪಾತ್ರಗಳನ್ನು ಆಡಿದವರೂ ಇದೇ ನೀತಿಯನ್ನು ಅನುಸರಿಸಿದ್ದಾರೆ. ‘ಕ್ವೋ ವಾಡಿಸ್’ ಚಿತ್ರದಲ್ಲಿ ಪೀಟರ್ ಉಸ್ತಿನೋವ್ ಎಂಬ ಆಂಗ್ಲನಟನು ನೀರೋವಾಗಿರುವನು. ಅವನು ನೀರೋವನ್ನು ಹಲ್ಲು ಕಡಿಯುವ ರಾಕ್ಷಸನನ್ನಾಗಿ ಮಾಡಲಿಲ್ಲ. ಹೊಗಳಿಕೆಗೆ ಹಸಿದ, ಮುದ್ದಿನಿಂದ ಕೆಟ್ಟುಹೋದ ಮಗುವನ್ನಾಗಿ ಮಾಡಿದನು. ಆಸ್ಥಾನಿಕನಾದ ಪೆಟ್ರೋನಿಯಸನು ಸತ್ತನೆಂಬ ಸುದ್ದಿ ಬಂದಾಗ ನೀರೋ ತನ್ನ ಕಣ್ಣೀರನ್ನು ಹಿಡಿದಿಡಲು ಪುಟ್ಟ ಕುಪ್ಪಿಯನ್ನು ತರಿಸುತ್ತಾನೆ. ದುಃಖದಲ್ಲಿಯೂ ಅವನಿಗೆ ತನ್ನ ಮೇಲೆಯೇ ಕಣ್ಣು. ಮೃತನು ಬರೆದಿಟ್ಟ ಪತ್ರದಲ್ಲಿ ತನ್ನ ಹಾಡುಗಾರಿಕೆಯ ನಿಂದೆಯನ್ನು ಓದಿದ ಕೂಡಲೇ ಆ ಕಣ್ಣೀರು ಕೋಪವಾಗುತ್ತದೆ. ನಾವು ನಗುತ್ತೇವೆ, ನಗುತ್ತಿರುವಂತೆಯೇ, ಇಂಥವನ ಕೈಯಲ್ಲಿ ಸಾಮ್ರಾಜ್ಯವಿದೆಯಲ್ಲಾ ಎಂದು ನಡುಗುತ್ತೇವೆ. ಪೆಟ್ರೋನಿಯಸನಾಗಿ ಲಿಯೋ ಜೆನ್ ಎಂಬವನು ಒಮ್ಮೆಯೂ ಸ್ವರವನ್ನೆತ್ತದೆ, ಹೊಗಳಿಕೆಯ ಮಾತಿನೊಳಗೇ ತಿರಸ್ಕಾರವನ್ನು ಅಡಗಿಸಿ ಆಡಿದ್ದಾನೆ. ಉಸ್ತಿನೋವನಿಗೆ ಅನಂತರ ‘ಸ್ಪಾರ್ಟಕಸ್’ ಚಿತ್ರದಲ್ಲಿ ಗುಲಾಮರ ವ್ಯಾಪಾರಿಯ ಪಾತ್ರಕ್ಕಾಗಿ ಆಸ್ಕರ್ ಬಹುಮಾನವು ದೊರೆಯಿತು.

‘ಕ್ಲಿಯೋಪಾತ್ರ’ ಚಿತ್ರದಲ್ಲಿ ರಾಣಿಯು ರೋಮಾಪುರಿಯನ್ನು ಪ್ರವೇಶಿಸುವ ಮೆರವಣಿಗೆಗೆ ಎಣೆಯಿಲ್ಲ. ಆಳುಗಳು ಎಳೆಯುವ ಬೃಹತ್ತಾದ ಸ್ಫಿಂಕ್ಸ್ ಮೂರ್ತಿಯ ಮೇಲೆ ಬಂಗಾರದ ಉಡುಪಿನಲ್ಲಿ ಎಲಿಜಬೆತ್ ಟೇಲರ್ ಕುಳಿತು ಬರುತ್ತಾಳೆ. ಆದರೆ ಆ ಪ್ರಸಂಗವು ನಮ್ಮ ನೆನಪಿನಲ್ಲಿ ನಿಲ್ಲುವದು ಅದರ ಕೊನೆಯ ಕ್ಷಣದಿಂದ. ಗಂಭೀರವಾಗಿ ಇಳಿದುಬಂದು ಸೀಸರನಿಗೆ ನಮಸ್ಕರಿಸಿದ ರಾಣಿಯು ಯಾರಿಗೂ ಕಾಣದಂತೆ ಅವನಿಗೊಮ್ಮೆ ಕಣ್ಣು ಮಿಟುಕಿಸುತ್ತಾಳೆ! ಇಷ್ಟೆಲ್ಲವೂ ತನ್ನ ಹೂಟವೆಂದು ಆಕೆಯು ಹೇಳಿದಂತಾಯಿತು. ಕೋಟಿಗಟ್ಟಲೆ ಡಾಲರುಗಳಿಂದಾಗದ ಕೆಲಸವನ್ನು ಒಂದು ಕಣ್ಣೆವೆಯು ಮಾಡಿತು.

ಇಲ್ಲಿಯ ವರೆಗೆ ಹೇಳಿದ ಮಾತಿಗೆ ಅತ್ಯಂತ ದೊಡ್ಡ ಸಾಕ್ಷಿಯು ಇದಕ್ಕಿಂತ ಹಿಂದಿನ ಒಂದು ಚಿತ್ರದಲ್ಲಿದೆ. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರವು ಅಮೇರಿಕೆಯ ಅಂತರ್ಯುದ್ಧದ ಕಾಲದ್ದು. ಅದರ ನಾಯಿಕೆಯಾದ ವಿವಿಯನ್ ಲೀ ಎಂಬವಳು ನಮ್ಮ ದೇಶದ ದಾರ್ಜಿಲಿಂಗಿನಲ್ಲಿ 1913ರಲ್ಲಿ ಜನಿಸಿದವಳು. ಈ ಚಿತ್ರವು ಗುಲಾಮಗಿರಿಯ ಕ್ರೌರ್ಯವನ್ನು ಮರೆಮಾಡಿ, ಗುಲಾಮರು ಧಣಿಗಳ ಮನೆಯಲ್ಲಿ ಸಂತೋಷದಿಂದಿದ್ದರೆಂಬಂತೆ ತೋರಿಸುವದು. ಇದು ದೊಡ್ಡ ದೋಷವು. ಅದರಲ್ಲಿ ಮನೆಯ ದಾದಿಯಾದ ಗುಲಾಮ ಹೆಂಗಸಿನ ಪಾತ್ರವನ್ನು ಹ್ಯಾಟಿ ಮ್ಯಾಕ್‌ಡೇನಿಯಲ್ ವಹಿಸಿದಳು. ಈಕೆಯ ತಂದೆತಾಯಿಗಳು ನಿಜವಾಗಿಯೂ ಗುಲಾಮಗಿರಿಯಲ್ಲಿ ಹುಟ್ಟಿದವರಾಗಿದ್ದರು. ಬರೆದುಕೊಟ್ಟ ಪಾತ್ರವು ಇಕ್ಕಟ್ಟಾದದ್ದು. ಆದರೂ ಈಕೆಯು ಅದರೊಳಗೆ ಒಬ್ಬ ಪೂರ್ಣ ಮನುಷ್ಯಳನ್ನು ನಿಲ್ಲಿಸಿದಳು. ಮನೆಯ ಮಗುವು ಕುದುರೆಯಿಂದ ಬಿದ್ದು ಸತ್ತ ಮೇಲೆ, ಮಗುವಿಗೆ ಕತ್ತಲೆಯೆಂದರೆ ಭಯವೆಂದು ತಂದೆಯು ಅದನ್ನು ಹೂಳಲು ಬಿಡುತ್ತಿಲ್ಲವೆಂಬ ಸಂಗತಿಯನ್ನು ದಾದಿಯು ಮೆಟ್ಟಿಲುಗಳನ್ನು ಹತ್ತುತ್ತಾ ಹೇಳುವ ಪ್ರಸಂಗವನ್ನು ಕಂಡವರು ಮರೆಯಲಾರರು. ಹತ್ತುವ ಕಾಲಿನ ಭಾರವೂ ಒಡೆಯುವ ಸ್ವರದ ಭಾರವೂ ಒಂದೇ ಆಗಿರುವದು.

ಅಟ್ಲಾಂಟಾ ಪಟ್ಟಣದಲ್ಲಿ 1939ರ ದಶಂಬರದಲ್ಲಿ ಆ ಚಿತ್ರದ ಪ್ರಥಮ ಪ್ರದರ್ಶನವಾದಾಗ, ಅಲ್ಲಿಯ ವರ್ಣಭೇದದ ಕಾನೂನುಗಳ ದೆಸೆಯಿಂದ ಈಕೆಗೆ ಹೋಗಲು ಸಾಧ್ಯವಾಗಲಿಲ್ಲ. 1940ನೆಯ ಫೆಬ್ರುವರಿ 29ರಂದು ಈಕೆಗೆ ಆಸ್ಕರ್ ಬಹುಮಾನವು ದೊರೆಯಿತು; ಅದನ್ನು ಹೊಂದಿದ ಕಪ್ಪುಜನರಲ್ಲಿ ಈಕೆಯೇ ಮೊದಲಿಗಳು. ಆ ರಾತ್ರಿಯೂ ಈಕೆಯನ್ನು ಜೊತೆಯ ನಟರಿಂದ ದೂರವಾಗಿ, ಗೋಡೆಯ ಪಕ್ಕದ ಪ್ರತ್ಯೇಕ ಮೇಜಿನಲ್ಲಿ ಕುಳ್ಳಿರಿಸಿದರು. ಮತ್ತೊಬ್ಬ ಕಪ್ಪುವರ್ಣದ ಸ್ತ್ರೀಗೆ ನಟನೆಗಾಗಿ ಆ ಬಹುಮಾನವು ಸಿಕ್ಕುವದಕ್ಕೆ 1991ರ ವರೆಗೆ ಕಾಯಬೇಕಾಯಿತು. ಇಂದು ಆ ಚಿತ್ರದ ತೋಟದ ಮನೆಗಳನ್ನೂ ಉಡುಪುಗಳನ್ನೂ ನಾವು ಸಂದೇಹದಿಂದ ನೋಡುತ್ತೇವೆ; ಹ್ಯಾಟಿ ಮ್ಯಾಕ್‌ಡೇನಿಯಲಳ ಅಭಿನಯವನ್ನಾದರೋ ಗೌರವದಿಂದ ನೋಡುತ್ತೇವೆ. ಕೃತಿಯು ಸುಳ್ಳು ಹೇಳಿದಲ್ಲಿಯೂ ನಟಿಯು ಸತ್ಯವನ್ನು ಉಳಿಸಬಲ್ಲಳೆಂಬದಕ್ಕೆ ಇದಕ್ಕಿಂತ ದೃಢವಾದ ನಿದರ್ಶನವು ಬೇಡ.

ಮಹಾಚಿತ್ರಗಳ ಅಭಿನಯವೆಲ್ಲವೂ ಚಿನ್ನವೆಂದು ಇದರಿಂದ ತಿಳಿಯಬಾರದು. 1956ರ ‘ದಿ ಕಾಂಕರರ್’ ಎಂಬ ಚಿತ್ರದಲ್ಲಿ, ದನಗಾಹಿಗಳ ಪಾತ್ರಗಳಿಂದ ಹೆಸರಾದ ಜಾನ್ ವೇಯ್ನ್ ಎಂಬವನು ಮೊಂಗೋಲರ ಚೆಂಗೀಸಖಾನನಾಗಿ ನಿಂತನು. ಮೀಸೆಯು ಬದಲಾಯಿತೇ ಹೊರತು ಮನುಷ್ಯನು ಬದಲಾಗಲಿಲ್ಲ. ಇಂದು ಅದನ್ನು ನಗುವದಕ್ಕಾಗಿ ಮಾತ್ರ ನೆನಸುತ್ತಾರೆ. ‘ಬೆನ್-ಹರ್’ ಚಿತ್ರದಲ್ಲಿಯೂ ವೇಲ್ಸ್ ದೇಶದ ಹ್ಯೂ ಗ್ರಿಫಿತನು ಮೈಗೆ ಬಣ್ಣ ಬಳಿದುಕೊಂಡು ಅರಬರ ಮುಖಂಡನಾದನು. ಅವನ ಲವಲವಿಕೆಗೆ ಬಹುಮಾನವು ಬಂದಿತಾದರೂ, ಆ ಪಾತ್ರವನ್ನು ಒಬ್ಬ ಅರಬನಿಗೇ ಕೊಡಬಾರದಿತ್ತೇ ಎಂದು ಈ ಕಾಲದವರು ಕೇಳುವದು ನ್ಯಾಯವಾಗಿದೆ. ಚಿತ್ರವನ್ನು ಚರಿತ್ರೆಯೆಂದು ನಂಬುವದೂ ತಪ್ಪು. ಚಿತ್ರದಲ್ಲಿ ಸ್ಪಾರ್ಟಕಸನು ಶಿಲುಬೆಯ ಮೇಲೆ ಸಾಯುತ್ತಾನೆ; ಚರಿತ್ರಕಾರರ ಪ್ರಕಾರ ಅವನು ಕ್ರಿ. ಪೂ. 71ರಲ್ಲಿ ರಣರಂಗದಲ್ಲಿಯೇ ಮಡಿದನು, ಶಿಲುಬೆಗೇರಿಸಲ್ಪಟ್ಟವರು ಅವನ ಕಡೆಯ ಸುಮಾರು 6,000 ಸೆರೆಯಾಳುಗಳು. ಆದುದರಿಂದ ಘಟನೆಗಳನ್ನು ಪುಸ್ತಕದಿಂದ ಕಲಿಯತಕ್ಕದ್ದು. ಚಿತ್ರದಿಂದ ಕಲಿಯತಕ್ಕದ್ದು ಅನ್ಯಾಯದ ಎದುರಿನಲ್ಲಿ ಮನುಷ್ಯನ ಮುಖವು ಹೇಗಿರುವದೆಂಬದನ್ನು.

ಮೇಲಿನ ದೃಷ್ಟಾಂತಗಳನ್ನೆಲ್ಲ ಕೂಡಿಸಿ ನೋಡಿದರೆ ಕಾರಣವು ತಾನಾಗಿಯೇ ತಿಳಿಯುತ್ತದೆ. ವೈಭವವು ನಮ್ಮನ್ನು ಬೆರಗುಗೊಳಿಸುವದು; ಆದರೆ ಇನ್ನೂ ದೊಡ್ಡದನ್ನು ಕಂಡ ದಿನ ಆ ಬೆರಗು ಸಾಯುವದು. ಬಾಯಾರಿದವನ ಕೃತಜ್ಞತೆ, ಮಗನಿಗೆ ನೋವಾಗಬಾರದೆಂಬ ತಾಯಿಯ ಹಟ, ಕೊಲ್ಲಲಾರದವನ ಮೌನ, ಮಗುವನ್ನು ಕಳಕೊಂಡ ಮನೆಯ ದುಃಖ ಇವುಗಳಿಗಿಂತ ದೊಡ್ಡವುಗಳನ್ನು ಯಾವ ಯಂತ್ರವೂ ಕಟ್ಟಿಕೊಡಲಾರದು. ದೊಡ್ಡ ಹಿನ್ನೆಲೆಯು ಇವುಗಳಿಗೆ ಸಹಾಯಕವೂ ಆಗಿದೆ. ಇಡೀ ಸಾಮ್ರಾಜ್ಯವು ಒಂದು ಕಡೆಗೆ ನಿಂತು ಒಬ್ಬ ಮನುಷ್ಯನು ಇನ್ನೊಂದು ಕಡೆಗೆ ನಿಂತಾಗ, ಆ ಒಬ್ಬನ ಕಣ್ಣಿನಲ್ಲಿ ಸತ್ಯವಿದ್ದರೆ ತಕ್ಕಡಿಯು ಅವನ ಕಡೆಗೇ ವಾಲುವದು.

ವಿದ್ಯಾರ್ಥಿನಿಯರೇ, ಶಾಲೆಯ ವಾರ್ಷಿಕೋತ್ಸವಕ್ಕಾಗಲಿ ಕ್ರಿಸ್ಮಸ್ ಹಬ್ಬಕ್ಕಾಗಲಿ ನೀವು ನಾಟಕವನ್ನು ಕಲಿಯುವಾಗ ಈ ಮಾತು ನಿಮಗೂ ಉಪಯೋಗಕ್ಕೆ ಬಂದೀತು. ಜರಿಯ ಸೆರಗೂ ಕಾಗದದ ಕಿರೀಟವೂ ಸಿಕ್ಕಲಿಲ್ಲವೆಂದು ಚಿಂತಿಸಬೇಡಿರಿ. ರಾಣಿಯ ಪಾತ್ರವು ತಪ್ಪಿ ದಾಸಿಯ ಪಾತ್ರವು ಬಂದಿತೆಂದು ಮುನಿಯಬೇಡಿರಿ. ಹೆಸರೇ ಇಲ್ಲದ ಒಬ್ಬ ದಳಪತಿಯ ನೋಟವು ಇಷ್ಟು ವರ್ಷ ಉಳಿದಿರುವದನ್ನು ನೆನಸಿಕೊಳ್ಳಿರಿ. ನಿಮ್ಮ ಎದುರಿನಲ್ಲಿರುವವಳು ಆಡುವ ಮಾತನ್ನು ನಿಜವಾಗಿ ಕಿವಿಗೊಟ್ಟು ಕೇಳಿರಿ, ಕೇಳಿದ ಮೇಲೆ ಮಾತಾಡಿರಿ, ಕೂಗಬೇಡಿರಿ. ಚಿತ್ರವನ್ನು ನೋಡುವಾಗಲೂ ರಥಗಳು ಓಡಿ ಮುಗಿದ ಮೇಲೆ ಒಂದು ಗಳಿಗೆ ತಡೆದು, ಈ ಜನರ ಗುಂಪಿನಲ್ಲಿ ಯಾರ ಮುಖವನ್ನು ನಾನು ಮನೆಗೆ ಕೊಂಡುಹೋಗುತ್ತೇನೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಆ ಮುಖವು ಎಷ್ಟೋ ಸಲ ಚಕ್ರವರ್ತಿಯದಾಗಿರುವದಿಲ್ಲ.